24 ಗಂಟೆ, 54 ವರ್ಷ

2022ರ ಡಿಸೆಂಬರ್ 31ರಂದು ಭಾರತದ ಜೈಲುಗಳಲ್ಲಿದ್ದವರು 5,73,220 ಮಂದಿ. ಶಿಕ್ಷೆಯಾಗಿ ಬಂದವರು ಅವರಲ್ಲಿ 1,33,415 ಮಾತ್ರ. 4,34,302 ಜನ ವಿಚಾರಣಾಧೀನ ಕೈದಿಗಳು. ಇವರು ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಧೀಶರೂ ಇನ್ನೂ ಹೇಳಿರಲಿಲ್ಲ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆಯೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಮಂಡಿಪೇಟೆಯ ವ್ಯಾಪಾರಿಗಳು, ಬೆಣ್ಣೆದೋಸೆ ಹುಯ್ಯುವವರು, ಕಾಲೇಜು ಹುಡುಗರು, ತೊಟ್ಟಿಲ ಕೂಸುಗಳು, ಎಲ್ಲರನ್ನೂ ಸೇರಿಸಿ ಇಡೀ ಊರಿಗೆ ಬೀಗ ಜಡಿದು, 'ತಪ್ಪಿದೆಯೋ ಇಲ್ಲವೋ ಆಮೇಲೆ ನೋಡೋಣ' ಅಂದ ಹಾಗೆ.

ಜೈಲಿನಲ್ಲಿದ್ದ ನೂರು ಜನರಲ್ಲಿ ಸುಮಾರು 76 ಮಂದಿ ಹೀಗೆ ವಿಚಾರಣಾಧೀನರು. ಇದು ಯಾರೋ ಚಳವಳಿಗಾರರ ಅಂದಾಜಲ್ಲ, ಸರ್ಕಾರದ್ದೇ ಆದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕ. ಇವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಹತ್ತನೇ ತರಗತಿ ಮುಟ್ಟಿದವರಲ್ಲ. ಐದು ವರ್ಷ ಕಳೆದರೂ ತೀರ್ಪು ಕಾಣದವರು 11 ಸಾವಿರಕ್ಕೂ ಹೆಚ್ಚು.

ಸಂವಿಧಾನದ 22ನೇ ವಿಧಿ ಮಾತ್ರ ಕಾಲವನ್ನು ಗಂಟೆಯಲ್ಲಿ ಅಳೆಯುತ್ತದೆ. ಬಂಧಿಸಿದ 24 ಗಂಟೆಯೊಳಗೆ, ದಾರಿಯ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾಕೆ ಹಿಡಿದೆವು ಎಂದು ಹೇಳಬೇಕು. ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನೊಂದು ಗಡುವು ಸೇರಿಸಿತು: ಬಂಧನದ ಕಾರಣಗಳು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಅವನ ಕೈಸೇರಿರಬೇಕು. ಕನ್ನಡವಷ್ಟೇ ಬಲ್ಲವನ ಕೈಗೆ ಇಂಗ್ಲಿಷ್ ಹಾಳೆ ತುರುಕಿ ಸಹಿ ಹಾಕಿಸಿಕೊಂಡರೆ ಸಾಲದು. ಆ 2 ಗಂಟೆ ಇರುವುದು ವಕೀಲರು ಅದನ್ನು ಓದಿ, ರಿಮಾಂಡ್ ಯಾಕೆ ಬೇಡ ಎಂದು ವಾದಿಸಲಿ ಎಂದು.

ಗಂಟೆಯ ಲೆಕ್ಕ ತಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟಬಹುದು? ಅಸ್ಸಾಂನ ಮಚಾಂಗ್ ಲಾಲುಂಗ್ ಅವರನ್ನು ಹಿಡಿದದ್ದು 1951ರಲ್ಲಿ. ಆಗ ಅವರಿಗೆ 23 ವರ್ಷ, ಆರೋಪ ತೀವ್ರ ಗಾಯ ಮಾಡಿದ್ದು. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಇವರು ಚೆನ್ನಾಗಿದ್ದಾರೆ ಎಂದು 1967ರಲ್ಲಿ ಆಸ್ಪತ್ರೆಯೇ ಬರೆದುಕೊಟ್ಟಿತು. ಮನೆಗೆ ಕಳಿಸಬೇಕಿದ್ದವರನ್ನು ಗುವಾಹಟಿ ಜೈಲಿಗೆ ಸಾಗಿಸಿದರು. ವಿಚಾರಣೆ ನಡೆಯಲೇ ಇಲ್ಲ. ಹೊರಗೆ ಬಂದದ್ದು 2005ರಲ್ಲಿ, 77ನೇ ವಯಸ್ಸಿನಲ್ಲಿ. ದೇಶದ ಮೊದಲ ಮಹಾಚುನಾವಣೆ ಶುರುವಾದ ವರ್ಷ ಒಳಗೆ ಹೋದವರು ಬರುವಾಗ ಮನಮೋಹನ್ ಸಿಂಗ್ ಪ್ರಧಾನಿ. ಆ ಆರೋಪ ಸಾಬೀತಾಗಿದ್ದರೂ ಸಾಮಾನ್ಯವಾಗಿ ಆಗುತ್ತಿದ್ದದ್ದು ಹೆಚ್ಚೆಂದರೆ 10 ವರ್ಷ. ಅವರು ಕಳೆದದ್ದು 54. ಬಿಡುವಾಗ ಬರೆಸಿಕೊಂಡ ಬಾಂಡ್ 1 ರೂಪಾಯಿಯದು. ಆ 54 ವರ್ಷಗಳ ಯಾವುದಾದರೂ ಒಂದು ಮಧ್ಯಾಹ್ನ ಒಬ್ಬ ವಕೀಲ, ಅನುಭವಿಯೇ ಬೇಡ, ಸನದು ಸಿಕ್ಕ ಮಾರನೇ ದಿನದವನಾದರೂ ಸರಿ, ಕಡತ ಬಿಚ್ಚಿ ದಿನಾಂಕ ಓದಿದ್ದರೆ ಸಾಕಿತ್ತು.

ಕ್ರಿಮಿನಲ್ ವಕೀಲರೆಂದರೆ ನಮಗೆ ನೆನಪಾಗುವುದು ಸಿನಿಮಾದ ಪಾಟೀಸವಾಲು. ಅವರ ಕೆಲಸದ ದೊಡ್ಡ ಪಾಲು ಮಾತ್ರ ಕ್ಯಾಲೆಂಡರ್ ನೋಡುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಸೆಕ್ಷನ್ ತೆಗೆದುಕೊಳ್ಳಿ. 10 ವರ್ಷ ಅಥವಾ ಅದಕ್ಕೂ ಮೇಲಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕು. ಆರೋಪ ಎಷ್ಟು ಗಟ್ಟಿ, ಸಾಕ್ಷಿ ಏನಿದೆ ಎಂದು ನ್ಯಾಯಾಲಯ ತೂಗುವ ಹಾಗಿಲ್ಲ. ಆದರೆ ಹಕ್ಕು ತಾನಾಗಿ ಬಾಗಿಲು ತೆರೆಯದು, ಕೇಳಬೇಕು. 61ನೇ ದಿನ ಬೆಳಿಗ್ಗೆ ಅರ್ಜಿ ಹಾಕಿ ಜಾಮೀನು ಕೊಡಲು ಸಿದ್ಧನೆಂದರೆ ಅವನು ಹೊರಗೆ. ವಕೀಲರು ಅತ್ತಿತ್ತ ಹೋಗಿದ್ದು, ಅರ್ಜಿಗೂ ಮೊದಲೇ ಪೊಲೀಸರು ಚಾರ್ಜ್‌ಶೀಟ್ ತಂದಿಟ್ಟರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಎರಡು ತಿಂಗಳು ಕಾದದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. 479ನೇ ಸೆಕ್ಷನ್ ಕೂಡ ಇಂಥದ್ದೇ ಲೆಕ್ಕ: ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವರು ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲನ್ನು, ಬೇರೆಯವರು ಅರ್ಧವನ್ನು ಒಳಗೇ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಇದು ಸಿಗದು.

ಹಾಗಾದರೆ ಅಂಥ ವಕೀಲರು ಎಲ್ಲಿ? ದೇಶದಲ್ಲಿ ಸನದು ಪಡೆದವರು 15 ಲಕ್ಷ ಮೀರಿದ್ದಾರೆ. ಅಷ್ಟೂ ಜನರಲ್ಲಿ ಒಬ್ಬರೂ ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ತಡೆಯುತ್ತದೆ. ಹಾಗಾಗಿ ಜನ ಹೋಗುವುದು ಬಾಯಿಮಾತಿನ ಮೇಲೆ, ಇಲ್ಲವೇ ಕೋರ್ಟ್ ಆವರಣದ ಟೀ ಅಂಗಡಿಯಲ್ಲಿ ತಾನಾಗಿ ಮೇಲೆ ಬಿದ್ದು ಬರುವ ದಲ್ಲಾಳಿಯ ಮೇಲೆ. ಎರಡನೆಯವನಿಂದ ದೂರ ಇರುವುದು ಒಳ್ಳೆಯದು. ವಕೀಲರನ್ನು ಕೇಳಲು ಸಂಕೋಚ ಬೇಡ: ಇದೇ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೀರಾ, ವಾಯಿದೆಗೆ ನೀವೇ ಬರುತ್ತೀರಾ ಇಲ್ಲ ಜೂನಿಯರ್ ಕಳಿಸುತ್ತೀರಾ, ಫೀಸು ಒಟ್ಟಾಗಿಯೋ ದಿನದ ಲೆಕ್ಕವೋ, ಕೊಟ್ಟದ್ದಕ್ಕೆ ರಸೀದಿ ಇದೆಯೇ. 'ನೂರಕ್ಕೆ ನೂರು ಬಿಡಿಸಿಕೊಂಡು ಬರುತ್ತೇನೆ' ಅನ್ನುವವರಿಗೆ ನಮಸ್ಕಾರ ಹಾಕಿ ಎದ್ದು ಬರಬಹುದು.

ಫೀಸು ಕೊಡುವ ಶಕ್ತಿ ಇಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇದೆ. ಇದರ 12ನೇ ಸೆಕ್ಷನ್ ಓದಿದರೆ ಬೆರಗಾಗುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಹೆಂಗಸರು, ಮಕ್ಕಳ ಜೊತೆಗೆ ಬಂಧನದಲ್ಲಿರುವ ಪ್ರತಿಯೊಬ್ಬರೂ ಅರ್ಹರು, ಆದಾಯ ಎಷ್ಟೇ ಇರಲಿ. ಅಂದರೆ ಆ 4,34,302 ಜನರಲ್ಲಿ ಒಬ್ಬೊಬ್ಬರೂ ಪುಕ್ಕಟೆ ವಕೀಲರಿಗೆ ಹಕ್ಕುದಾರರು. ಇನ್ನು ಖರ್ಚಿನ ಕಡೆ ನೋಡಿ. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಪ್ರಕಾರ ದೇಶ ತಲೆಗೆ ವರ್ಷಕ್ಕೆ ಪೊಲೀಸರ ಮೇಲೆ ಹಾಕುವುದು 1,275 ರೂಪಾಯಿ, ನ್ಯಾಯಾಂಗದ ಮೇಲೆ 182, ಕಾನೂನು ನೆರವಿನ ಮೇಲೆ 6 ರೂಪಾಯಿ 46 ಪೈಸೆ. ಹಿಡಿಯುವ ಕೈಗೂ ಬಿಡಿಸುವ ಕೈಗೂ ಇರುವ ಅಂತರ ಸುಮಾರು ಇನ್ನೂರು ಪಟ್ಟು.

ಜಾಮೀನು ಆದೇಶವಾದ ಮೇಲೆ ಶುರುವಾಗುವುದು ಜಾಮೀನುದಾರನ ಹುಡುಕಾಟ. ಆತ ಪಹಣಿ, ಆಧಾರ್, ಕಂದಾಯ ಕಟ್ಟಿದ ರಸೀದಿ ಹಿಡಿದು ಬೆಳಿಗ್ಗೆಯಿಂದ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತಿರಬೇಕು. ಬೇರೆಯವನ ಮಗನಿಗಾಗಿ ಕೂಲಿ ಬಿಟ್ಟು ಹೀಗೆ ನಿಲ್ಲುವವರು ಎಷ್ಟು ಜನ? 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನ ಜಾಮೀನು ಒಪ್ಪಲಿಲ್ಲ, ಕಾರಣ ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು 1,000 ರೂಪಾಯಿಯ ಸ್ವಂತ ಬಾಂಡಿಗೆ ಇಳಿಸಿದರು. ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಸಿಕ್ಕಿಬಿದ್ದ ಒಬ್ಬ ಕನ್ನಡಿಗ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಆ ತೀರ್ಪಿನಲ್ಲೇ ಕೇಳಿದರು. ಈಗ ಬೆಂಗಳೂರಿನಲ್ಲಿ ಬಂಧಿತನಾಗುವ ಬಿಹಾರಿ ಕೂಲಿಯವನು ನಮ್ಮನ್ನು ಅದೇ ಪ್ರಶ್ನೆ ಕೇಳಬಹುದು.

2022ರ ಕೊನೆಗೆ ಜಾಮೀನು ಸಿಕ್ಕಿಯೂ ಜೈಲಿನಲ್ಲೇ ಉಳಿದವರು 5 ಸಾವಿರದಷ್ಟು ಜನ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಜೈಲು ಅಧೀಕ್ಷಕರಿಗೆ ಕೆಲಸ ಹಚ್ಚಿತು: ಜಾಮೀನು ಸಿಕ್ಕ 7 ದಿನದೊಳಗೆ ಕೈದಿ ಹೊರಬೀಳದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸಬಹುದು. ಹಣವೇ ಅಡ್ಡಿಯಾದ ಬಡ ವಿಚಾರಣಾಧೀನ ಕೈದಿಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು, ಆಗಿನ ಮಿತಿ 40,000 ರೂಪಾಯಿ. ಇವನ್ನೆಲ್ಲ ಕೇಳಿ ಪಡೆಯಲು ಮನೆಯವರು ದೊಡ್ಡ ಊರಿಗೆ ಅಲೆಯಬೇಕಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ ಮಾಡುವವರಿಗೆ 15100.