ಅಂಕಣದ ಲೆಕ್ಕದ ಮಾಳಿಗೆ ಮನೆ

ಶಿರಾ ಸೀಮೆಯ ಹಿರಿಯರು ಹಳೆಯ ಮನೆಯ ಅಳತೆ ಹೇಳುವುದು ಅಂಕಣದಲ್ಲಿ. ಕಂಬದಿಂದ ಕಂಬಕ್ಕಿರುವ ಜಾಗವೇ ಅಂಕಣ. ಒಂಬತ್ತಂಕಣದ ಮನೆ ಎಂದರೆ ಆ ಮನೆತನದ ಜನ, ದನ, ಬೇಸಾಯ ಎಲ್ಲದರ ಅಂದಾಜೂ ಸಿಕ್ಕಿಬಿಡುತ್ತಿತ್ತು. ಹೇಮಾವತಿ ನೀರು ಕಂಡ ದೊಡ್ಡ ಕೆರೆಯ ಕಳ್ಳಂಬೆಳ್ಳದ ಸುತ್ತಮುತ್ತ ಇಂಥ ಮಣ್ಣಿನ ಮಾಳಿಗೆಯ ಮನೆಗಳು ಈಗ ಒಂದೊಂದಾಗಿ ಕುಸಿಯುತ್ತಿವೆ.

ಈ ಮನೆಯ ಅಸ್ಥಿಪಂಜರ ಮರದ್ದು. ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಬೋದಿಗೆ ಎರಡೂ ಕಡೆಗೆ ಕೈಚಾಚಿ ತೊಲೆಯನ್ನು ಹೊರುವುದರಿಂದ ಗಿಡ್ಡ ಮರದಲ್ಲೂ ಕೆಲಸ ಸಾಗುತ್ತದೆ. ದಟ್ಟ ಕಾಡಿಲ್ಲದ ಬಯಲುಸೀಮೆಯ ಬಡಗಿ ಹೊಲದ ಬದುವಿನ ಬೇವನ್ನೇ ನೆಚ್ಚಿ ಇಷ್ಟು ದೊಡ್ಡ ಮನೆ ನಿಲ್ಲಿಸಿದ್ದು ನನಗಂತೂ ದೇವಾಲಯದ ಶಿಲ್ಪದಷ್ಟೇ ದೊಡ್ಡ ವಿದ್ಯೆ. ಬೆಳಕು ಬರುವುದು ಮೇಲಿನ ಗವಾಕ್ಷಿಯಿಂದ. ದನಗಳಿಗೂ ಒಳಗೇ ಒಂದು ಅಂಕಣ. ರಾಗಿ ಮಾತ್ರ ನೆಲದಡಿಯ ಹಗೇವಿನಲ್ಲಿ.

ಮಾಳಿಗೆಯ ಗುಟ್ಟು ಮಣ್ಣಿನಲ್ಲಿದೆ. ಜಂತೆಯ ಮೇಲೆ ದಬ್ಬೆ, ಬಂದರಿಕೆ ಸೊಪ್ಪು, ಅದರ ಮೇಲೆ ಕೆಮ್ಮಣ್ಣು, ಕೊನೆಗೆ ಕರಲು ಮಣ್ಣು. ಕರಲಿನಲ್ಲಿ ಸೋಡಿಯಂ ಹೆಚ್ಚು. ಮಳೆ ಬಿದ್ದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ, ನೀರು ಒಳಗಿಳಿಯದೆ ದಂಬೆಯಿಂದ ಹೊರಗೆ ಹರಿಯುತ್ತದೆ. ಉಪ್ಪಿನ ಮಣ್ಣಾದ್ದರಿಂದ ಹುಲ್ಲೂ ಅಷ್ಟಾಗಿ ಬೇರೂರದು. ಬೆಳೆಗೆ ಬಾರದ ಮಣ್ಣನ್ನು ತಲೆಯ ಮೇಲೆ ಹೊತ್ತು ಮನೆ ಕಾಯ್ದುಕೊಂಡ ಜನ ಇವರು.

ಆದರೆ ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ, ಬಿರುಕು ನೋಡಿ, ಮತ್ತೆ ಕರಲು ಹಾಕಲೇಬೇಕು. ಹಳೆಯ ಪದರ ಕೆರೆಯದೆ ಹೊಸದನ್ನು ಸುರಿದರೆ ಭಾರ ಏರಿ ಜಂತೆ ಬಾಗುತ್ತದೆ. ಕೂಡುಕುಟುಂಬದಲ್ಲಿ ಈ ಕೆಲಸಕ್ಕೆ ಕೈಗಳಿದ್ದವು. ಪಾಲಾದಾಗ ಮನೆಯನ್ನೂ ಅಂಕಣದ ಲೆಕ್ಕದಲ್ಲೇ ಹಂಚಿಕೊಂಡರು, ನಡುವೆ ಗೋಡೆ ಎದ್ದಿತು. ಅಣ್ಣ ತನ್ನ ಭಾಗಕ್ಕೆ ಮಣ್ಣು ಹಾಕಿಸಿದರೂ ತಮ್ಮ ಬೆಂಗಳೂರಿನಲ್ಲಿದ್ದರೆ, ನೀರು ಆ ಗೋಡೆಯನ್ನು ಕೇಳಿ ಬರುವುದಿಲ್ಲವಲ್ಲ! ಸೌದೆ ಒಲೆಯ ಹೊಗೆಯೂ ನಿಂತಿತು. ಹುಳು ಹತ್ತದಂತೆ ಜಂತೆಗಳನ್ನು ಕಾಯುತ್ತಿದ್ದದ್ದು ಆ ಹೊಗೆಯ ಮಸಿಯೇ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿಗೆ ಗೆದ್ದಲು ಮೊದಲು ಬೀಳುತ್ತದೆ.

ವಸತಿ ಯೋಜನೆಗಳ ಅನುದಾನ ತಳಪಾಯ, ಲಿಂಟಲ್, ಛಾವಣಿ ಎಂದು ಹೊಸ ಮನೆಯ ಹಂತಗಳಿಗೆ ಬರುತ್ತದೆ. ಹಾಗಾಗಿ ಮಾಳಿಗೆ ಬಿದ್ದ ಜಾಗದಲ್ಲಿ ಆರ್‌ಸಿಸಿ ಏಳುವುದು ಸಹಜ. ಸೋರುವ ಸೂರಿನಡಿ ಮಕ್ಕಳನ್ನು ಮಲಗಿಸಿದವರನ್ನು ಯಾರೂ ದೂರುವಂತಿಲ್ಲ. ಆದರೆ ಇವೆಲ್ಲ ಅಳಿಯುವ ಮುನ್ನ ತುಮಕೂರಿನ ಕಾಲೇಜುಗಳ ಹುಡುಗ ಹುಡುಗಿಯರು ಟೇಪು ಹಿಡಿದು ಬಂದು, ಉಳಿದ ಮನೆಗಳ ನಕ್ಷೆ ಬರೆದುಕೊಂಡರೆ ಸಾಕು. ಬೋದಿಗೆಯ ಅಳತೆ, ಜಂತೆಗಳ ಅಂತರ, ಕರಲು ಅಗೆದು ತರುತ್ತಿದ್ದ ಜಾಗ ಇವನ್ನೆಲ್ಲ ಕೈಯಾರೆ ಮಾಳಿಗೆ ಮುಚ್ಚಿದವರು ಇನ್ನೂ ಹೇಳಬಲ್ಲರು.