ಆನ್‌ಲೈನ್ ಪಾಠಗಳಲ್ಲಿ ಅಭ್ಯಾಸದ ರಚನೆ

ಗಣಕಯಂತ್ರ ಹಾಗೂ ಮೊಬೈಲ್ ಫೋನಿನ ಮೂಲಕ ಪಾಠವನ್ನು ಮನೆಮನೆಗೆ ತಲುಪಿಸುವ ವ್ಯವಸ್ಥೆ ನಮ್ಮ ದೇಶದಲ್ಲಿ ಕಳೆದ ಎರಡು ದಶಕಗಳಲ್ಲಿ ಬೆಳೆದುಬಂದಿದೆ. 2003ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಟ್ಟುಗೂಡಿ ಎನ್.ಪಿ.ಟಿ.ಇ.ಎಲ್. ಕಾರ್ಯಕ್ರಮವನ್ನು ಆರಂಭಿಸಿದವು. ಚೆನ್ನೈನ ಐ.ಐ.ಟಿ. ಮದ್ರಾಸ್ ಇದರ ಸಮನ್ವಯದ ಹೊಣೆ ಹೊತ್ತಿದೆ. 2017ರ ಜುಲೈ ತಿಂಗಳಲ್ಲಿ ‘ಸ್ವಯಂ’, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಾಲಾ ಶಿಕ್ಷಣಕ್ಕಾಗಿ ‘ದೀಕ್ಷಾ’ ವೇದಿಕೆಗಳು ಬಳಕೆಗೆ ಬಂದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅನೇಕ ಮಕ್ಕಳಿಗೆ ಇಂತಹ ಪಾಠಗಳೇ ಆಸರೆಯಾದವು.

ಆದರೆ ಪಾಠ ತಲುಪಿದ ಮಾತ್ರಕ್ಕೆ ಕಲಿಕೆ ಆಯಿತೆಂದು ಹೇಳಲಾಗದು. ತರಗತಿಯಲ್ಲಿ ಉಪಾಧ್ಯಾಯರು ಮಕ್ಕಳ ಮುಖ ನೋಡಿಯೇ ಅರ್ಥವಾಗದ್ದನ್ನು ಗ್ರಹಿಸಿ ಮತ್ತೊಮ್ಮೆ ವಿವರಿಸುತ್ತಾರೆ. ಪರದೆಯ ಮುಂದೆ ಒಬ್ಬನೇ ಕುಳಿತ ವಿದ್ಯಾರ್ಥಿಗೆ ಈ ಅನುಕೂಲವಿಲ್ಲ. ಆ ಕೆಲಸವನ್ನು ಅಲ್ಲಿ ಮಾಡಬೇಕಾದದ್ದು ಪಾಠದ ಜೊತೆಗಿರುವ ಅಭ್ಯಾಸ.

ಅಭ್ಯಾಸದ ಮಹತ್ವವನ್ನು ತೋರಿಸುವ ಪ್ರಯೋಗವೊಂದನ್ನು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಮ್ಮೆ ಓದಿ, ಬಳಿಕ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಚಿತ್ರ ತಿರುಗಿತು: ನೆನಪಿನಿಂದ ಬರೆದವರಲ್ಲಿ ಶೇ. 56ರಷ್ಟು ವಿಷಯ ಉಳಿದಿದ್ದರೆ, ಕೇವಲ ಓದಿದವರಲ್ಲಿ ಉಳಿದದ್ದು ಶೇ. 42 ಮಾತ್ರ. ವಿಡಿಯೊ ಪಾಠವನ್ನು ಎರಡೆರಡು ಬಾರಿ ನೋಡಿದವರಿಗೆ ಎಲ್ಲವೂ ತಿಳಿದಂತೆ ಭಾಸವಾಗುವುದೇಕೆ, ಪರೀಕ್ಷೆಯ ಹೊತ್ತಿಗೆ ಅದು ಕೈಕೊಡುವುದೇಕೆ ಎಂಬುದನ್ನು ಇದರಿಂದ ಊಹಿಸಬಹುದು.

ಒಂದು ಉದಾಹರಣೆ

ಉತ್ತಮ ಅಭ್ಯಾಸ ಹೇಗಿರಬೇಕೆಂಬುದನ್ನು ಶೇಕಡಾವಾರು ಲೆಕ್ಕದ ಪಾಠವೊಂದರಿಂದ ನೋಡೋಣ. ಚೆನ್ನೈನ ಕೋಯಂಬೇಡಿನಲ್ಲಿ 1996ರಲ್ಲಿ ಆರಂಭಗೊಂಡ ಸಗಟು ಮಾರುಕಟ್ಟೆಗೆ ಹೂವು, ಹಣ್ಣು, ತರಕಾರಿಗಳು ಹೊರ ರಾಜ್ಯಗಳಿಂದಲೂ ಬರುತ್ತವೆ. ಕೋಲಾರದ ಟೊಮೆಟೊ ಅವುಗಳಲ್ಲೊಂದು. ರೈತರೊಬ್ಬರು 15 ಕಿಲೋಗ್ರಾಂ ತೂಕದ 40 ಪೆಟ್ಟಿಗೆಗಳನ್ನು ಅಲ್ಲಿಗೆ ಕಳುಹಿಸುತ್ತಾರೆಂದು ಭಾವಿಸೋಣ. ಸಾಗಣೆ ವೆಚ್ಚ ಪೆಟ್ಟಿಗೆಗೆ 30 ರೂಪಾಯಿ, ದಾರಿಯಲ್ಲಿ ಶೇ. 5ರಷ್ಟು ಹಣ್ಣು ಹಾಳಾಗುತ್ತದೆ. ಉಳಿದದ್ದು ಕಿಲೋಗೆ 20 ರೂಪಾಯಿಯಂತೆ ಮಾರಾಟವಾಗುತ್ತದೆ. ಕೈಗೆ ಬರುವ ಹಣವೆಷ್ಟು? (ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು, ಮಾರುಕಟ್ಟೆಯ ದರಗಳಲ್ಲ. ದಲ್ಲಾಳಿಯ ಕಮಿಷನ್ ಮುಂತಾದವನ್ನು ಮೊದಲ ಲೆಕ್ಕದಲ್ಲಿ ಬಿಡಲಾಗಿದೆ.)

ಸರಿಯುತ್ತರ 10,200 ರೂಪಾಯಿ. ಅಭ್ಯಾಸ ರಚಿಸುವವರ ನಿಜವಾದ ಕೆಲಸ ಇರುವುದು ಉಳಿದ ಮೂರು ಉತ್ತರಗಳಲ್ಲಿ. ತೋಚಿದ ಸಂಖ್ಯೆಗಳನ್ನು ತುಂಬಿದರೆ ವಿದ್ಯಾರ್ಥಿ ಏನು ತಪ್ಪಿದನೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಹಾಳಾದ ಹಣ್ಣನ್ನು ಕಳೆಯದೆ ಬಿಟ್ಟವನಿಗೆ 10,800 ಬರುತ್ತದೆ. ಸಾಗಣೆ ವೆಚ್ಚವನ್ನು ಮರೆತವನಿಗೆ 11,400 ಬರುತ್ತದೆ. ಮಾರಾಟವಾದ 38 ಪೆಟ್ಟಿಗೆಗಳಷ್ಟಕ್ಕೇ ಬಾಡಿಗೆ ಲೆಕ್ಕ ಹಾಕಿದವನಿಗೆ 10,260 ಬರುತ್ತದೆ. ಈ ಮೂರನ್ನೇ ಆಯ್ಕೆಗಳಾಗಿ ಕೊಟ್ಟಾಗ ಪ್ರತಿಯೊಂದು ತಪ್ಪಿಗೂ ತಕ್ಕ ಮಾತು ಹೇಳಲು ಸಾಧ್ಯವಾಗುತ್ತದೆ. 10,260 ಎಂದವನಿಗೆ “ಹಾಳಾದ ಹಣ್ಣೂ ಲಾರಿಯಲ್ಲಿ ಬಂದಿದೆಯಲ್ಲವೇ? ಅದರ ಬಾಡಿಗೆ ಯಾರು ಕೊಟ್ಟರು?” ಎಂದು ಕೇಳಿದರೆ ಸಾಕು, ಅವನು ತಾನಾಗಿಯೇ ಸರಿಪಡಿಸಿಕೊಳ್ಳುತ್ತಾನೆ. ಕೆಂಪು ಬಣ್ಣದಲ್ಲಿ ‘ತಪ್ಪು’ ಎಂದಷ್ಟೇ ತೋರಿಸುವ ಅಭ್ಯಾಸಗಳು ಇಂದಿಗೂ ಹೇರಳವಾಗಿವೆ. ಲೆಕ್ಕದಲ್ಲಿ ಹಿಂದುಳಿದ ಮಗು ಅಂತಹ ನಾಲ್ಕು ಉತ್ತರಗಳ ನಂತರ ಪಾಠವನ್ನೇ ಮುಚ್ಚಿಬಿಡುವುದು ಸಹಜ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕೋಲಾರದಲ್ಲಿಯೇ ಕಿಲೋಗೆ 16 ರೂಪಾಯಿಯಂತೆ ಮಾರಿದರೆ ರೈತರಿಗೆ 9,600 ರೂಪಾಯಿ ಸಿಗುತ್ತದೆ. ಪರದೆಯ ಮೇಲೆ ಹಾಳಾಗುವ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಪಟ್ಟಿಯೊಂದನ್ನಿಟ್ಟು, ಎಷ್ಟು ಹಣ್ಣು ಕೆಟ್ಟರೆ ಚೆನ್ನೈಗೆ ಕಳುಹಿಸುವ ಲಾಭ ಇಲ್ಲವಾಗುತ್ತದೆ ಎಂದು ಕೇಳಬೇಕು. ವಿದ್ಯಾರ್ಥಿ ಪಟ್ಟಿಯನ್ನು ಎಳೆಯುತ್ತಾ ಹೋದಂತೆ ಹಣ ಇಳಿಯುತ್ತದೆ, ಶೇ. 10ಕ್ಕೆ ಬಂದಾಗ ಎರಡೂ ಕಡೆಯ ಮೊತ್ತ ಸಮವಾಗುತ್ತದೆ. ಎಳೆಯುವ ಮುನ್ನ ಒಂದು ಅಂದಾಜನ್ನು ಬರೆಯಿಸಿಕೊಳ್ಳುವುದು ಅಗತ್ಯ. ಇಲ್ಲವಾದರೆ ಅದು ಬೆರಳಿನ ಆಟವಾಗಿ ಉಳಿಯುತ್ತದೆ. ಚಿತ್ರಗಳು ಕುಣಿಯುವುದನ್ನೂ ಚಪ್ಪಾಳೆಯ ಸದ್ದು ಕೇಳಿಸುವುದನ್ನೂ ‘ಸಂವಾದಾತ್ಮಕ’ ಎಂದು ಕರೆಯುವ ರೂಢಿ ಬೆಳೆದಿದೆ. ವಿದ್ಯಾರ್ಥಿಯ ಯೋಚನೆಗೆ ತಕ್ಕಂತೆ ಉತ್ತರ ಬದಲಾಗದಿದ್ದರೆ ಆ ಹೆಸರು ಸಲ್ಲದು.

ಅಭ್ಯಾಸ ಮತ್ತು ಅಂಕ

ಎನ್.ಪಿ.ಟಿ.ಇ.ಎಲ್. ಪ್ರಮಾಣಪತ್ರ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟ್‌ಗಳಿಗೆ ಸಾಮಾನ್ಯವಾಗಿ ಶೇ. 25, ಅಂತಿಮ ಪರೀಕ್ಷೆಗೆ ಶೇ. 75 ಅಂಕಗಳಿರುತ್ತವೆ. ವಿದ್ಯಾರ್ಥಿಗಳು ವಾರವಾರವೂ ಓದುವಂತೆ ಮಾಡಲು ಇದು ಉಪಯುಕ್ತ ಕ್ರಮ. ಆದರೆ ಅಂಕವಿರುವಲ್ಲಿ ತಪ್ಪು ಮಾಡಲು ಭಯವಿರುತ್ತದೆ. ಆದುದರಿಂದ ಇಂತಹ ಮೌಲ್ಯಮಾಪನದ ಜೊತೆಗೆ, ಅಂಕವಿಲ್ಲದ, ಎಷ್ಟು ಬಾರಿಯಾದರೂ ಮಾಡಬಹುದಾದ ಅಭ್ಯಾಸವೂ ಇರಬೇಕು. ಪ್ರತಿ ಸಲ ಪೆಟ್ಟಿಗೆಗಳ ಸಂಖ್ಯೆಯೂ ದರವೂ ಬದಲಾದರೆ ಉತ್ತರವನ್ನು ಬಾಯಿಪಾಠ ಮಾಡುವ ಸಂಭವ ತಪ್ಪುತ್ತದೆ. ಒಂದೆರಡು ವಾರಗಳ ನಂತರ ಅದೇ ಬಗೆಯ ಲೆಕ್ಕ ಮತ್ತೊಮ್ಮೆ ಎದುರಾಗುವಂತೆ ಮಾಡುವುದು ಇನ್ನೂ ಒಳ್ಳೆಯದು.

ಕನ್ನಡದಲ್ಲಿ ರಚಿಸುವಾಗ

ಉತ್ತರವನ್ನು ಬೆರಳಚ್ಚಿಸುವ ಅಭ್ಯಾಸಗಳಲ್ಲಿ ಕನ್ನಡ ಬರಹಕ್ಕೆ ಸಂಬಂಧಿಸಿದ ತೊಡಕುಗಳಿವೆ. ಒಬ್ಬರು 10,200 ಎಂದು, ಇನ್ನೊಬ್ಬರು 10200 ಎಂದು, ಮತ್ತೊಬ್ಬರು ೧೦೨೦೦ ಎಂದು ಬರೆಯುತ್ತಾರೆ, ಮೂರೂ ಸರಿ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ದಾಖಲಾಗಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಅವು ಬೇರೆ ಬೇರೆ. ಅರ್ಧಾಕ್ಷರಗಳ ನಡುವೆ ಸೇರುವ ಕಾಣದ ಸಂಕೇತಗಳೂ ಇದೇ ಬಗೆಯ ತೊಂದರೆ ಕೊಡುತ್ತವೆ. ಇವನ್ನೆಲ್ಲ ಏಕರೂಪಕ್ಕೆ ತಂದು ಹೋಲಿಸುವ ಏರ್ಪಾಡಿಲ್ಲದಿದ್ದರೆ, ‘ಕೋಯಂಬೇಡು’ ಎಂದು ಸರಿಯಾಗಿ ಬರೆದ ಮಗುವಿಗೂ ‘ತಪ್ಪು’ ಎಂಬ ಉತ್ತರ ಬರಬಹುದು. ಏಕೆ ತಪ್ಪೆಂದು ಆ ಮಗುವಿಗೆ ಎಂದಿಗೂ ತಿಳಿಯದು.

ಎಳೆದು ಜೋಡಿಸುವ ಅಭ್ಯಾಸಗಳನ್ನು ದೃಷ್ಟಿಹೀನರು ಬಳಸಲಾರರು. ಅವರಿಗಾಗಿ ಕೀಲಿಮಣೆಯಿಂದ ಉತ್ತರಿಸುವ ದಾರಿಯನ್ನೂ ಒದಗಿಸಬೇಕು. ಸರಿ-ತಪ್ಪುಗಳನ್ನು ಬಣ್ಣದಿಂದ ಮಾತ್ರವಲ್ಲದೆ ಪದಗಳಿಂದಲೂ ಸೂಚಿಸಬೇಕು. ಮನೆಯಲ್ಲಿ ಒಂದೇ ಫೋನಿದ್ದು ತಂದೆ ಅದನ್ನು ಕೆಲಸಕ್ಕೆ ಒಯ್ಯುವ ಕುಟುಂಬಗಳು ಬಹಳ. ಆದಕಾರಣ ಅಭ್ಯಾಸವು ಹತ್ತು ನಿಮಿಷದಲ್ಲಿ ಮುಗಿಯುವಂತಿರಬೇಕು, ನಡುವೆ ನಿಲ್ಲಿಸಿದರೆ ಅಲ್ಲಿಂದಲೇ ಮುಂದುವರಿಯಬೇಕು ಮತ್ತು ಒಮ್ಮೆ ಇಳಿಸಿಕೊಂಡ ಬಳಿಕ ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು.

ಸಿದ್ಧಪಡಿಸಿದ ಅಭ್ಯಾಸವನ್ನು ಪ್ರಕಟಿಸುವ ಮುನ್ನ ಐದಾರು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಮಾಡುವುದನ್ನು ಪಕ್ಕದಲ್ಲಿ ಕುಳಿತು ಮೌನವಾಗಿ ಗಮನಿಸುವುದು ಲೇಸು. ಮೊದಲು ಆಯ್ಕೆಗಳನ್ನು ಕೊಡದೆ ಹಾಳೆಯ ಮೇಲೆಯೇ ಲೆಕ್ಕ ಮಾಡಿಸಬೇಕು. 10,260 ಎಂಬ ಉತ್ತರ ಯಾರಿಗೂ ಬರದಿದ್ದಲ್ಲಿ ಅದನ್ನು ತೆಗೆದುಹಾಕಿ, ಮಕ್ಕಳು ಹಾಳೆಯಲ್ಲಿ ನಿಜವಾಗಿ ಬರೆದ ತಪ್ಪು ಉತ್ತರವನ್ನು ಆ ಜಾಗದಲ್ಲಿ ಇಡಬೇಕು.