ವಾಲ್ವ್ ಇಲ್ಲದ ವಾಲ್ವ್ ಸದ್ದು

1964ರಲ್ಲಿ ಲಂಡನ್ನಿನ ಹದಿನೇಳರ ಹುಡುಗ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ. ಗಿಟಾರಿನ ದನಿ ಗರಗರ ಎಂದಿತು. ಆ ಗರಗರ ಸದ್ದಿನಲ್ಲೇ ಕಿಂಕ್ಸ್ ತಂಡದ ‘ಯು ರಿಯಲಿ ಗಾಟ್ ಮಿ’ ಮುದ್ರಣವಾಯಿತು, ಅದೇ ವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಯಾವ ಕರ್ಕಶತೆಯನ್ನು ತೊಡೆಯಲು ರೇಡಿಯೊ ಎಂಜಿನಿಯರುಗಳು ದಶಕಗಟ್ಟಲೆ ಹೆಣಗಿದ್ದರೋ, ಅದನ್ನೇ ಗಿಟಾರಿನವರು ದುಡ್ಡು ಕೊಟ್ಟು ಕೊಳ್ಳತೊಡಗಿದರು.

ಇಂದು ಆ ದೋಷವನ್ನು ಲೆಕ್ಕ ಹಾಕಿಯೇ ಒದಗಿಸುವ ಡಬ್ಬಿಗಳಿವೆ. ತಯಾರಕರು ಆಂಪ್ ಮಾಡೆಲರ್ ಎನ್ನುತ್ತಾರೆ. ನಮ್ಮ ಆರ್ಕೆಸ್ಟ್ರಾ ಗಿಟಾರಿಸ್ಟರ ಬಾಯಲ್ಲಿ ಅದು ಬರೀ ‘ಪ್ರೊಸೆಸರ್’. ಕೊಂಡ ಹೊಸತರಲ್ಲಿ ಅದು ಎಲ್ಲರನ್ನೂ ಬೆರಗುಗೊಳಿಸುತ್ತದೆ. ಆದರೆ ಐದು–ಹತ್ತು ವರ್ಷ ಅದರೊಂದಿಗೆ ಏಗಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಬೇಕು. ಏಕೆಂದರೆ ಈ ಯಂತ್ರ ವಾಲ್ವ್ ಆಂಪ್ಲಿಫೈಯರಿನ ಹಾಗೆ ಸವೆಯುವುದಿಲ್ಲ. ಅದಕ್ಕೆ ಮುಪ್ಪು ಬರುವ ದಾರಿಯೇ ಬೇರೆ.

ವಾಲ್ವ್ ಎಡವುವ ಬಗೆ

ಎಲೆಕ್ಟ್ರಿಕ್ ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಪಿಕಪ್ಪಿನ ಸುರುಳಿಯಲ್ಲಿ ಹುಟ್ಟುವುದು ಸಾಮಾನ್ಯವಾಗಿ ಒಂದು ವೋಲ್ಟಿಗಿಂತಲೂ ಕಡಿಮೆ ವಿದ್ಯುತ್ತು. ಅದನ್ನು ಹಿಗ್ಗಿಸುವುದು ವಾಲ್ವಿನ ಕೆಲಸ. ಹಳೆಯ ವಾಲ್ವ್ ರೇಡಿಯೊ ಕಂಡವರಿಗೆ ಆ ಗಾಜಿನ ಬುರುಡೆಯ ಪರಿಚಯವಿದೆ. ಒಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ನೂರಾರು ವೋಲ್ಟಿನ ಪ್ಲೇಟಿನತ್ತ ಓಡುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿಯಿದೆ. ಗಿಟಾರಿನ ಅಲೆ ಅದನ್ನು ತಲುಪಿದಂತೆಲ್ಲ ಎಲೆಕ್ಟ್ರಾನುಗಳ ಹರಿವು ಹೆಚ್ಚುಕಡಿಮೆ ಆಗುತ್ತದೆ. ಸಣ್ಣ ಅಲೆ ದೊಡ್ಡದಾಗಿ ಹೊರಬರುತ್ತದೆ.

ಅಲೆ ಮಿತಿಮೀರಿದರೆ ವಾಲ್ವ್ ಕೈಚೆಲ್ಲುತ್ತದೆ, ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಅದು ಥಟ್ಟನೆ ಕತ್ತರಿಸಿದ ಹಾಗಲ್ಲ, ಅಂಚು ದುಂಡಾಗಿರುತ್ತದೆ. ಮೇಲರ್ಧ ಒಂದು ಬಗೆ, ಕೆಳಗಿನರ್ಧ ಇನ್ನೊಂದು ಬಗೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದಿದ್ದ ಅಥವಾ ತೀರಾ ಕ್ಷೀಣವಾಗಿದ್ದ ಸ್ವರಗಳು ಎದ್ದುಬರುತ್ತವೆ. ಗಿಟಾರಿನ ಅತ್ಯಂತ ದಪ್ಪ ತಂತಿಯ ಕಂಪನ 82.4 ಹರ್ಟ್ಸ್, ಅದರ ಜತೆಗೆ 164.8, 247.2 ಹೀಗೆ ಮಡಿಮಡಿಯಾಗಿ ಸೇರಿಕೊಳ್ಳುತ್ತವೆ.

ಎರಡು ತಂತಿ ಒಟ್ಟಿಗೆ ಮೀಟಿದರೆ ಇನ್ನೂ ಸ್ವಾರಸ್ಯ. 82.4 ಹರ್ಟ್ಸನ್ನು ಷಡ್ಜ ಎಂದುಕೊಳ್ಳಿ, ಅದರ ಪಂಚಮ 123.6. ಹಿಗ್ಗಿ ಒಡೆದ ಸದ್ದಿನಲ್ಲಿ ಇವೆರಡರ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳುತ್ತದೆ: 41.2 ಹರ್ಟ್ಸ್, ಅಂದರೆ ಸರಿಯಾಗಿ ಕೆಳಸ್ಥಾಯಿಯ ಷಡ್ಜ. ಯಾರೂ ನುಡಿಸದ ಈ ಸ್ವರವೇ ರಾಕ್ ಸಂಗೀತದ ‘ಸ–ಪ’ ಹಿಡಿತಕ್ಕೆ ಆ ಗಾಂಭೀರ್ಯ ತರುವುದು. ನಾಲ್ಕೈದು ಸ್ವರ ತುಂಬಿದ ಕಾರ್ಡ್ ನುಡಿಸಿದರೆ ವ್ಯತ್ಯಾಸದ ಸ್ವರಗಳು ಒಂದಕ್ಕೊಂದು ಹೊಂದದೆ ಬರೀ ಗದ್ದಲವಾಗುತ್ತದೆ.

ಈ ಒಡೆದ ಸದ್ದಿನಲ್ಲಿ ವಾಲ್ವಿನ ಪಾತ್ರ ಒಂದು ಪಾಲು ಮಾತ್ರ. ಜೋರಾಗಿ ಮೀಟಿದಾಗ ಪವರ್ ಸಪ್ಲೈ ಒಂದು ಕ್ಷಣ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ, ಅದರಿಂದ ಸ್ವರ ಅದುಮಿಕೊಂಡು ಆಮೇಲೆ ಅರಳುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತನ್ನ ಬಣ್ಣ ಸೇರಿಸುತ್ತದೆ. ‘8 ಓಮ್’ ಎಂದು ಬರೆದ ಸ್ಪೀಕರ್ ತನ್ನ ಅನುರಣನದ ಬಿಂದುವಿನಲ್ಲಿ ಹಲವು ಪಟ್ಟು ಹೆಚ್ಚು ತಡೆ ಒಡ್ಡಿ ವಾಲ್ವಿನ ನಡವಳಿಕೆಯನ್ನೇ ಬದಲಿಸುತ್ತದೆ. ಗಿಟಾರಿಸ್ಟ್ ‘ಟೋನ್’ ಎನ್ನುವುದು ಈ ಎಲ್ಲ ದೋಷಗಳು ಕೂಡಿ ಆದದ್ದು.

ಲೆಕ್ಕದಲ್ಲಿ ಕಟ್ಟಿದ ಆಂಪ್ಲಿಫೈಯರ್

1995ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ವಿಜಿ-8, ಮರುವರ್ಷ ಅಮೆರಿಕದ ಲೈನ್ 6 ಕಂಪನಿಯ ಆಕ್ಸಿಸ್ 212, 1998ರಲ್ಲಿ ಅದೇ ಕಂಪನಿಯ ಕೆಂಪು ಬಣ್ಣದ ಪಾಡ್. ಹೀಗೆ ಶುರುವಾದ ಸಾಲಿನಲ್ಲಿ 2006ರ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯಿಂದ ಬಂದ ಕೆಂಪರ್, 2015ರ ಹೀಲಿಕ್ಸ್ ಮುಖ್ಯ ಮೈಲುಗಲ್ಲುಗಳು.

ಇವೆಲ್ಲ ಮೊದಲು ಮಾಡುವ ಕೆಲಸ ಒಂದೇ: ಗಿಟಾರಿನ ಅಲೆಯನ್ನು ಅಳೆದು ಅಂಕಿಗಳಾಗಿಸುವುದು. ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ, ಒಂದೊಂದು ಅಳತೆಯೂ 24 ಬಿಟ್. ಒಂದು ಅಳತೆಯಿಂದ ಇನ್ನೊಂದಕ್ಕೆ ಸುಮಾರು 21 ಮೈಕ್ರೊಸೆಕೆಂಡ್. ಅಷ್ಟರೊಳಗೆ ವಾಲ್ವ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಏನು ಮಾಡುತ್ತಿದ್ದವು ಎಂಬ ಲೆಕ್ಕ ಮುಗಿದಿರಬೇಕು.

ಇಲ್ಲೊಂದು ತೊಡಕಿದೆ. ಸೆಕೆಂಡಿಗೆ 48,000 ಸಲ ಅಳೆಯುವ ಯಂತ್ರಕ್ಕೆ 24,000 ಹರ್ಟ್ಸ್ ಮೀರಿದ ಸ್ವರವನ್ನು ಗುರುತಿಸಲಾಗದು. 5,000 ಹರ್ಟ್ಸಿನ ಅಲೆಯನ್ನು ಚಪ್ಪಟೆ ಮಾಡಿದರೆ ಅದರ ಏಳನೆಯ ಮಡಿ 35,000. ನಿಜವಾದ ವಾಲ್ವಿನಲ್ಲಿ ಅದು ನಮ್ಮ ಕಿವಿಯ ಮಿತಿಯಾಚೆ ಉಳಿಯುತ್ತದೆ. ಅಂಕಿಗಳ ಲೋಕದಲ್ಲಿ ಹಾಗಲ್ಲ. 48,000ದಿಂದ ಕಳೆದು 13,000 ಹರ್ಟ್ಸಿನ ಸುಳ್ಳು ಸ್ವರವಾಗಿ ವಾಪಸ್ ಬರುತ್ತದೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. 13,000 ಎಂಬುದು 5,000ದ ಯಾವ ಮಡಿಯೂ ಅಲ್ಲವಾದ್ದರಿಂದ ಅದು ಕಿವಿಗೆ ಅಪಸ್ವರ. ಇದನ್ನು ತಪ್ಪಿಸಲು ಯಂತ್ರ ಒಳಗೊಳಗೇ ಎಂಟು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 3,84,000 ಸಲ ಲೆಕ್ಕ ಮಾಡಿ, ಬೇಡದ್ದನ್ನು ಸೋಸಿ, ಮತ್ತೆ 48,000ಕ್ಕೆ ಇಳಿಸಬಹುದು. ಮೊದಲ ತಲೆಮಾರಿನ ಡಬ್ಬಿಗಳ ಚಿಪ್‌ಗಳಿಗೆ ಇಂಥ ಲೆಕ್ಕಕ್ಕೆ ಇಂದಿನಷ್ಟು ಕಸುವಿರಲಿಲ್ಲ. ಅವುಗಳ ಸದ್ದು ತಗಡಿನಂತೆ ಕೇಳಲು ಇದೂ ಒಂದು ಕಾರಣ.

ಮುಂದಿನ ಹಂತ ಸ್ಪೀಕರ್. ಗಿಟಾರಿನ 12 ಅಂಗುಲದ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಬೇಗನೆ ದನಿ ಅಡಗಿಸುತ್ತದೆ. ಈ ಶೋಧನೆ ಇಲ್ಲದಿದ್ದರೆ ಒಡೆದ ಗಿಟಾರ್ ಸದ್ದು ಜೇನುಹುಳುಗಳ ಝೇಂಕಾರವಷ್ಟೇ. ಹಾಗಾಗಿ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು, ಅದರ ಪ್ರತಿಸ್ಪಂದನವನ್ನು ಅಳೆದು, ಕೆಲವು ಸಾವಿರ ಅಂಕಿಗಳ ಕಡತವಾಗಿ ಉಳಿಸಿರುತ್ತಾರೆ. 2,048 ಅಂಕಿಗಳೆಂದರೆ ಸುಮಾರು 43 ಮಿಲಿಸೆಕೆಂಡಿನ ಸ್ಪಂದನ. ನೀವು ನುಡಿಸಿದ ಪ್ರತಿ ಅಳತೆಯನ್ನೂ ಈ ಕಡತದೊಂದಿಗೆ ಗುಣಿಸಿ ಕೂಡಿದರೆ ಆ ಪೆಟ್ಟಿಗೆಯ, ಆ ಮೈಕಿನ ದನಿ ಸಿಗುತ್ತದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ತಡವಾಗುವುದು ಎರಡು–ಮೂರು ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಸ್ಪೀಕರಿನಿಂದ ಒಂದು ಮೀಟರ್ ಹಿಂದೆ ಸರಿದು ನಿಂತಷ್ಟೇ ವ್ಯತ್ಯಾಸ.

ಆಂಪ್ಲಿಫೈಯರನ್ನು ಅಂಕಿಗಳಿಗೆ ಇಳಿಸುವ ದಾರಿ ಎರಡು. ಒಂದು, ಸರ್ಕೀಟಿನ ಒಂದೊಂದು ಬಿಡಿಭಾಗಕ್ಕೂ ಸಮೀಕರಣ ಬರೆಯುವುದು. ಇದರಲ್ಲಿ ಗುಂಡಿಗಳನ್ನು ತಿರುಗಿಸಿದರೆ ಮೂಲದಂತೆಯೇ ಪ್ರತಿಕ್ರಿಯೆ ಬರುತ್ತದೆ. ಇನ್ನೊಂದು, ಸರ್ಕೀಟಿನ ಗೊಡವೆಗೇ ಹೋಗದೆ, ಆಂಪ್ಲಿಫೈಯರಿಗೆ ಪರೀಕ್ಷಾ ಸದ್ದುಗಳನ್ನು ಉಣಿಸಿ ಹೊರಬಂದದ್ದನ್ನು ಕಲಿಯುವುದು. ಕೆಂಪರ್ ಹಿಡಿದ ದಾರಿ ಇದು. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು ನರಜಾಲದ ತಂತ್ರಾಂಶ ಈ ಕೆಲಸವನ್ನು ನುಡಿಸುತ್ತಿರುವಾಗಲೇ ಮಾಡಬಲ್ಲದು ಎಂದು ತೋರಿಸಿದರು. ಆದರೆ ಹೀಗೆ ಸೆರೆಹಿಡಿದದ್ದು ಸಾಮಾನ್ಯವಾಗಿ ಗುಂಡಿಗಳ ಒಂದು ನಿರ್ದಿಷ್ಟ ಜೋಡಣೆಯ ಚಿತ್ರ. ಆಮೇಲೆ ಗೇನ್, ಅಂದರೆ ಅಲೆಯನ್ನು ಹಿಗ್ಗಿಸುವ ಪ್ರಮಾಣ, ಏರಿಸಿದರೆ ಸಿಗುವುದು ಅಂದಾಜು.

ವರ್ಷಗಳು ಉರುಳಿದಂತೆ

ಪ್ರೊಸೆಸರ್ ಕೊಂಡವರಿಗೆ ಮೊದಲು ಎದುರಾಗುವುದು ಕಿವಿಯ ಸಮಸ್ಯೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ತಿದ್ದಿತೀಡಿದ ಪ್ಯಾಚ್ (ಉಳಿಸಿಟ್ಟ ದನಿಯ ಜೋಡಣೆ) ವೇದಿಕೆಯಲ್ಲಿ ಗುಂಯ್‌ಗುಡುತ್ತದೆ, ಕಿವಿ ಚುಚ್ಚುತ್ತದೆ, ಆದರೂ ಡ್ರಮ್ಮಿನ ನಡುವೆ ಕೇಳಿಸುವುದೇ ಇಲ್ಲ. ಇದರ ಕಾರಣವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದಿಟ್ಟಿದ್ದಾರೆ. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಮತ್ತು ತೀರ ಮೇಲಿನ ಸ್ವರಗಳು ಕಡಿಮೆ ಕೇಳುತ್ತವೆ. ಜೋರಾದಂತೆ ಆ ಕೊರತೆ ತುಂಬುತ್ತದೆ. ಮನೆಯಲ್ಲಿ ಕೊರತೆ ಎನಿಸಿ ಬೇಸ್ ಮತ್ತು ಟ್ರೆಬಲ್ ಏರಿಸಿರುತ್ತೇವೆ, ವೇದಿಕೆಯಲ್ಲಿ ಅದು ಅತಿಯಾಗುತ್ತದೆ. ಪ್ಯಾಚನ್ನು ನುಡಿಸುವಷ್ಟು ಜೋರಿನಲ್ಲೇ ತಿದ್ದಬೇಕು. 80–100 ಹರ್ಟ್ಸಿನ ಕೆಳಗಿನದನ್ನೂ 6,000–8,000 ಹರ್ಟ್ಸಿನ ಮೇಲಿನದನ್ನೂ ಕತ್ತರಿಸಿ, ನಡುವಿನ ಸ್ವರಗಳನ್ನು ಉಳಿಸಿಕೊಂಡರೆ ಗಿಟಾರ್ ತಂಡದ ನಡುವೆ ಕೇಳುತ್ತದೆ.

ಎರಡನೆಯದು ಸಾಫ್ಟ್‌ವೇರ್. ವಾಲ್ವ್ ಆಂಪ್ಲಿಫೈಯರ್ ತಾನಾಗಿ ಸುಧಾರಿಸುವುದಿಲ್ಲ, ಪ್ರೊಸೆಸರ್ ಸುಧಾರಿಸಬಲ್ಲದು. 2015ರಲ್ಲಿ ಬಂದ ಹೀಲಿಕ್ಸಿಗೆ 2022ರಲ್ಲಿ, ಅಂದರೆ ಏಳು ವರ್ಷಗಳ ಬಳಿಕ, ಸ್ಪೀಕರ್ ಪೆಟ್ಟಿಗೆಗಳ ಇಡೀ ವಿಭಾಗವೇ ಹೊಸದಾಗಿ ಬಂತು, ಅದೂ ಉಚಿತವಾಗಿ. ಆದರೆ ಇದೇ ಗುಣ ಕೆಲವೊಮ್ಮೆ ತಲೆನೋವೂ ಹೌದು. ಆಂಪ್ಲಿಫೈಯರಿನ ಸಮೀಕರಣ ತಿದ್ದಿದಾಗ ನೀವು ಉಳಿಸಿಟ್ಟ ಪ್ಯಾಚಿನ ದನಿಯೂ ಬದಲಾಗಬಹುದು. ಆದ್ದರಿಂದ ಅನುಭವಿಗಳು ಕಾರ್ಯಕ್ರಮದ ವಾರದಲ್ಲಿ ಅಪ್‌ಡೇಟ್ ಮುಟ್ಟುವುದಿಲ್ಲ. ಮುಟ್ಟುವ ಮುನ್ನ ಎಲ್ಲ ಪ್ಯಾಚುಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ.

ಮೂರನೆಯದು ಒಡಲು. ಡಿಜಿಟಲ್ ದನಿಗೆ ಸವಕಳಿಯಿಲ್ಲ, ಆದರೆ ಅದನ್ನು ಹೊತ್ತ ಡಬ್ಬಿಗಿದೆ. ಮೊದಲು ಕೈಕೊಡುವುದು ಚಿಪ್ ಅಲ್ಲ. ಕಾಲಿನಿಂದ ತುಳಿಯುವ ಸ್ವಿಚ್ಚು, ತಿರುಗಿಸುವ ಗುಂಡಿ, ಎಳೆದಾಡುವ ಜಾಕ್, ಅಡಾಪ್ಟರ್. ಹೀಲಿಕ್ಸ್ ಬಳಗದ ಎಚ್‌ಎಕ್ಸ್ ಸ್ಟಾಂಪ್ ಎಂಬ ಚಿಕ್ಕ ಪ್ರೊಸೆಸರಿನ ಅಡಾಪ್ಟರ್ 9 ವೋಲ್ಟ್, 3 ಆಂಪಿಯರಿನದು. ಕಳೆದುಹೋದರೆ ಪಕ್ಕದಲ್ಲಿದ್ದ ಅರ್ಧ ಆಂಪಿಯರಿನ ಪೆಡಲ್ ಅಡಾಪ್ಟರ್ ಸಿಕ್ಕಿಸುವುದು ಸಲ್ಲದು; ವೋಲ್ಟ್ ಒಂದೇ ಆದರೂ ಹರಿವು ಸಾಲದು. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ರೂಢಿಯ ಲೆಕ್ಕ. ಕಲಬುರಗಿಯ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಪ್ರೊಸೆಸರ್ ಬಿಸಿಗೆ, ಕರಾವಳಿಯ ಮಳೆಗಾಲದಲ್ಲಿ ಚೀಲ ಬಿಚ್ಚದೆ ಇಟ್ಟ ಪ್ರೊಸೆಸರ್ ತೇವಕ್ಕೆ ಬೆಲೆ ತೆರಬೇಕಾದೀತು. ಪೆಂಡಾಲಿನ ತಾತ್ಕಾಲಿಕ ವೈರಿಂಗಿನಲ್ಲಿ ಅರ್ತಿಂಗ್ ಇದೆಯೇ ಎಂದು ನೋಡಿಕೊಳ್ಳುವುದು ಯಂತ್ರಕ್ಕಷ್ಟೇ ಅಲ್ಲ, ಮೈಕಿಗೆ ತುಟಿ ತಾಗಿಸಿ ಹಾಡುವವರಿಗೂ ಕ್ಷೇಮ.

ವಾಲ್ವ್ ಆಂಪ್ಲಿಫೈಯರಿನ ಲೆಕ್ಕ ಬೇರೆ. ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಎಂಬ ವಾಲ್ವ್ ಆಂಪ್ಲಿಫೈಯರ್ ಸುಮಾರು 29 ಕಿಲೊ ಭಾರ. ಅದರ ಪವರ್ ವಾಲ್ವುಗಳನ್ನು ಆಗಾಗ ಬದಲಿಸಬೇಕು. ಅವನ್ನು ಈಗಲೂ ತಯಾರಿಸುವ ಕಾರ್ಖಾನೆಗಳು ಸ್ಲೊವಾಕಿಯ, ರಷ್ಯ, ಚೀನಾದಂಥ ಕೆಲವೇ ದೇಶಗಳಲ್ಲಿ ಉಳಿದಿವೆ. ಆದರೆ 1959ರ ಫೆಂಡರ್ ಬಾಸ್‌ಮನ್ ಆಂಪ್ಲಿಫೈಯರನ್ನು ಸರ್ಕೀಟ್ ನಕ್ಷೆ ಮತ್ತು ಸೋಲ್ಡರಿಂಗ್ ಕಡ್ಡಿ ಹಿಡಿದ ರಿಪೇರಿಯವರು ಇವತ್ತಿಗೂ ಬದುಕಿಸಬಲ್ಲರು. ಪ್ರೊಸೆಸರಿನ ಮುಖ್ಯ ಬೋರ್ಡ್ ಕೆಟ್ಟು, ಆ ಚಿಪ್ ತಯಾರಿಕೆಯೂ ನಿಂತಿದ್ದರೆ, ಸೋಲ್ಡರಿಂಗ್ ಕಡ್ಡಿಯಿಂದ ಏನೂ ಆಗದು. ಪ್ಯಾಚ್ ತಿದ್ದುವ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ತೆರೆಯದೆ ಹೋದರೆ, ಕೆಲಸ ಮಾಡುವ ಯಂತ್ರವೂ ಅರ್ಧ ಮೂಕವಾಗುತ್ತದೆ.

ಹಾಗಾದರೆ ನಕಲು ಅಸಲಿಗೆ ಸಮವೇ? ಅಸಲಿ ಎಂಬುದೇ ಇಲ್ಲಿ ಅಷ್ಟು ಗಟ್ಟಿಯಲ್ಲ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯವರು ಬಾಸ್‌ಮನ್ನಿನ ಸರ್ಕೀಟನ್ನೇ ಅನುಸರಿಸಿ ಜೆಟಿಎಂ45 ಎಂಬ ಆಂಪ್ಲಿಫೈಯರ್ ಕಟ್ಟಿದರು. ಬ್ರಿಟನ್ನಿನಲ್ಲಿ ಸಿಕ್ಕ ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರುಗಳಿಂದಾಗಿ ಅದರ ದನಿ ಬೇರೆಯಾಯಿತು, ಆ ಬೇರೆ ದನಿಯೇ ಮಾರ್ಷಲ್ ಎಂದು ಹೆಸರಾಯಿತು. ಒಂದೇ ಮಾದರಿಯ ಎರಡು ಹಳೆಯ ಆಂಪ್ಲಿಫೈಯರುಗಳೂ ಒಂದೇ ರೀತಿ ನುಡಿಯುವುದಿಲ್ಲ, ಏಕೆಂದರೆ ಆ ಕಾಲದ ಬಿಡಿಭಾಗಗಳ ವಿದ್ಯುತ್ ಮೌಲ್ಯದಲ್ಲಿ ಶೇಕಡ 10–20ರಷ್ಟು ಏರುಪೇರು ಮಾಮೂಲಾಗಿತ್ತು. ಪ್ರೊಸೆಸರಿನಲ್ಲಿರುವುದು ಅವುಗಳಲ್ಲಿ ಯಾವುದೋ ಒಂದರ ನಡವಳಿಕೆ ಮಾತ್ರ.

ಇದು ತಿಳಿದವರು ಮೂಲಕ್ಕೆ ಎಷ್ಟು ಹತ್ತಿರ ಎಂದು ತಲೆ ಕೆಡಿಸಿಕೊಳ್ಳದೆ, ನೂರಾರು ಮಾದರಿಗಳಲ್ಲಿ ಎರಡು–ಮೂರನ್ನು ಆರಿಸಿ ಅವುಗಳನ್ನೇ ಆಳವಾಗಿ ಕಲಿಯುತ್ತಾರೆ. ಪ್ರೊಸೆಸರ್ ಕೊಳ್ಳುವ ಯೋಚನೆಯಿದ್ದರೆ ಒಳಗೆ ಎಷ್ಟು ಆಂಪ್ಲಿಫೈಯರ್ ಇವೆ ಎಂದು ಎಣಿಸಬೇಡಿ. ಸ್ವಿಚ್ಚು, ಅಡಾಪ್ಟರ್ ಬಿಡಿಯಾಗಿ ಸಿಗುತ್ತವೆಯೇ, ಕಂಪನಿ ಹಳೆಯ ಮಾದರಿಗಳಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಟ್ಟಿದೆ, ಕಂಪ್ಯೂಟರ್ ಇಲ್ಲದೆಯೂ ಪ್ಯಾಚ್ ತಿದ್ದಲು ಆಗುತ್ತದೆಯೇ ಎಂದು ವಿಚಾರಿಸಿ. ಹತ್ತು ವರ್ಷದ ಬಾಳಿಕೆ ನಿಂತಿರುವುದು ಈ ಮೂರರ ಮೇಲೆ.